ಹಿಂದ ಹೇಳೋರು

ನನ್ನ ಕೆಲಸ ಏನಂತ ಯಾರರೆ ಕೇಳಿದ್ರ ನಾ ಲಗ್ನದ ಬಾಜಾದವರ ಕಡೆ ಕೈ ಮಾಡ್ತೇನಿ. ಮದುಮಗಳು ಇನ್ನೂ ಒಳಗ ಸೀರಿ ನೆರಿಗಿ ಸರಿ ಮಾಡ್ಕೋತ ನಿಂತಿರತಾಳ, ಹೊರಗ ಮಂದಿ ಅಕ್ಕಿಕಾಳು ಹಿಡ್ಕೊಂಡು ಕಾಯತಿರತಾರ. ಬಾಜಾದವರು ಏನ್ ಮಾಡತಾರ? ಅದ ಸಾಲನ್ನ ತಿರುವಿ ತಿರುವಿ ಬಾರಸ್ತಾರ, ಕೇಳೋರಿಗೆ ಬ್ಯಾಸರ ಆಗದಂಗ ಒಮ್ಮೆ ಸಣ್ಣಗ, ಒಮ್ಮೆ ದೊಡ್ಡದಾಗಿ. ಅಯ್ಯನವರು ಕೈ ಎತ್ತಿದ ಕೂಡಲೇ, ಎಲ್ಲೇ ಇರವಲ್ರ್ಯಾಕ, ಅಲ್ಲಿಂದ ಸೀದಾ ಗಟ್ಟಿಮ್ಯಾಳಕ್ಕ ಹಾರತಾರ. ಮೊಬೈಲ್ ಆಟಕ್ಕ ನಾ ಕಟ್ಟೂ ಸಂಗೀತಾನೂ ಇಷ್ಟ. ಆಡೋರು ಮದುಮಗಳು, ನಾ ಬಾಜಾದಾಕಿ. ಅವರು ಯಾವಾಗ ಹೊರಗ ಬರತಾರ ಅನ್ನೂದು ನನಗ ಗೊತ್ತಿರೂದಿಲ್ಲ.

ಇಷ್ಟು ಬಿಡಿಸಿ ಹೇಳಿದ ಮ್ಯಾಲೂ ಬ್ಯಾಡಗ್ಯಾಗ ನಮ್ಮ ಓಣಿಯವರು ಕೇಳೂದು ಒಂದ, ಹಾಡು ಮುಗೀತೇನು ಅಂತ. ಮುಗಿಯೂದಿಲ್ಲ, ಮುಗೀಬಾರದು, ಮುಗಿಯದಂಗ ಮಾಡೂದ ನನ್ನ ಕೆಲಸ ಅಂದ್ರ, ನನ್ನ ಮಾರಿ ನೋಡಿ ನಮ್ಮ ಮನಿಯವರ ಬಗ್ಗೆ ಕನಿಕರ ಪಡತಾರ. ಮೊದಮೊದಲು ಸಿಟ್ಟು ಬರತಿತ್ತು. ಈಗ ನಾನೂ ನಕ್ಕು, ಇನ್ನೂ ಸ್ವಲ್ಪ ಉಳದೈತ್ರಿ ಅಂತ ಹೇಳಿ ಮುಂದ ಹೋಗತೇನಿ.

ನಾ ಹುಟ್ಟಿ ಬೆಳೆದದ್ದು ಹಾವೇರ್ಯಾಗ. ಅಲ್ಲೇ ಹಾರ್ಮೋನಿಯಂ ಪೇಟಿ ಬಾರಸೂದು ಕಲತೆ, ಆಮ್ಯಾಲೆ ಧಾರವಾಡಕ್ಕ ಹೋಗಿ ಕಂಪ್ಯೂಟರಿನ್ಯಾಗ ಸಪ್ಪಳ ಜೋಡಸೂದು ಕಲತೆ. ಲಗ್ನ ಆಗಿ ಬ್ಯಾಡಗಿಗೆ ಬಂದಾಗ ನಾ ಕೇಳಿದ್ದು ಒಂದ, ನನಗೊಂದು ಸದ್ದಿಲ್ಲದ ಖೋಲಿ ಬೇಕು ಅಂತ. ಈ ಮನಿಯವರದು ಮೆಣಸಿನಕಾಯಿ ವ್ಯಾಪಾರ. ಹಿತ್ತಲದಾಗ ಗೋದಾಮು ಐತಿ. ಅದರ ಒಂದು ಮೂಲಿ ನನಗ ಬಿಟ್ಟುಕೊಟ್ರು. ಗ್ವಾಡಿಗೆ ಹಚ್ಚೂ ಸ್ಪಂಜು ತರಸೂಣು ಅಂದ್ರು ನನ್ನ ಗಂಡ. ಮೆಣಸಿನಕಾಯಿ ಚೀಲ ಇಟ್ಕೊಂಡು ಸ್ಪಂಜು ಯಾಕ್ರೀ ಅಂದೆ ನಾನು, ಭಾಳ ಶ್ಯಾಣ್ಯಾಕಿ. ಒಣ ಮೆಣಸಿನಕಾಯಿ ತುಂಬಿದ ಚೀಲಾನ ಸುತ್ತಲೂ ಗ್ವಾಡಿ ಹಂಗ ಒಟ್ಟಿದ್ವಿ. ಅವು ಸಪ್ಪಳ ಕುಡಿಯೂದನ್ನ ನೋಡಬೇಕ್ರಿ ನೀವು. ಮಾತು ಬಾಯಿಂದ ಬಿದ್ದು ಅಲ್ಲೇ ಕುಂದರತಿತ್ತು, ಒಂದೀಟೂ ತಿರುಗಿ ಬರತಿದ್ದಿಲ್ಲ. ಪ್ಯಾಟ್ಯಾಗ ದರ ಏರಿ ಮಾಲು ಹೋತಂದ್ರ ಮಾತ್ರ ಖೋಲಿ ಗುಂಯ್ ಅನ್ನಾಕ ಶುರು ಮಾಡತಿತ್ತು. ಮನಿಯವರಿಗೆ ಖುಷಿ ಆದ ದಿನ ನನಗ ಕೆಲಸ ಆಗತಿದ್ದಿಲ್ಲ.

ನಾ ಕಟ್ಟಿದ ಆಟದ ಸಂಗೀತಾನ ಎಲ್ಲಾರಿಗಿಂತ ಮೊದಲು ಕೇಳೋರು ನಮ್ಮ ಅತ್ತಿ. ನನ್ನ ಮ್ಯಾಲಿನ ಪ್ರೀತಿಗೆ ಅಂತ ತಿಳ್ಕೋಬ್ಯಾಡ್ರಿ, ಅವರಿಗೆ ಮೊಬೈಲ್ ಆಟದ ಹುಚ್ಚು. ಬಣ್ಣದ ಗೋಲಿ ಜೋಡಸೂ ಆಟ, ಹಣ್ಣು ಕತ್ತರಸೂ ಆಟ, ಹೊಲ ಬಿತ್ತೂ ಆಟ, ಎಲ್ಲಾ ಆಡಿ ಮುಗಿಸ್ಯಾರ. ಖರೇ ಹೊಲ ಇಟ್ಕೊಂಡು ಫೋನಿನ್ಯಾಗ ಯಾಕ ಬಿತ್ತತೀರಿ ಅಂತ ಕಾಡಸಿದ್ರ, ಇಲ್ಲಿ ಆಳು ಹುಡುಕೂದಿಲ್ಲ, ಮಳಿ ದಾರಿ ಕಾಯೂದಿಲ್ಲ, ನೀ ಸುಮ್ಮನಿರು ಅಂತಾರ.

ಆಟದ ಕಂಪನಿಯವರು ಆಡಿ ನೋಡಾಕ ಅಂತಾನ ಮಂದಿ ಇಟ್ಟಾರ. ಅವರು ಕುರ್ಚಿ ಮ್ಯಾಲೆ ಕುಂತು, ಕಿವಿಗೆ ಹಾಕ್ಕೊಂಡು, ಲಕ್ಷ್ಯ ಕೊಟ್ಟು ಆಡತಾರ. ಹಂಗ ಯಾರು ಆಡತಾರ್ರಿ? ನಮ್ಮ ಅತ್ತಿ ಒಲಿ ಬಾಜೂಕ ಡಬ್ಬಿಗೆ ಆನಿಸಿ ಫೋನ್ ನಿಂದರಸ್ತಾರ. ರೊಟ್ಟಿ ಬಡೀತಾರ, ಹಂಚಿಗೆ ಹಾಕತಾರ, ನಡುವ ಬೆರಳ ತುದಿಲೆ ಆಡತಾರ. ರೊಟ್ಟಿ ತಿರುವೂ ಹೊತ್ತು ಬಂತಂದ್ರ ಆಟ ಅಲ್ಲೇ ನಿಂತತು. ಆ ಹೊತ್ತಿನ್ಯಾಗ ಸಂಗೀತ ಏನ್ ಮಾಡಬೇಕು ಅನ್ನೂದ ನನ್ನ ಖರೇ ಪರೀಕ್ಷಾ. ಜೋರಾಗಿ ಬಾರಸ್ಕೋತ ಹೋದ್ರ ತಲಿ ತಿನ್ನತೈತಿ ಇದು ಅಂತ ಫೋನ್ ಬೋರಲ ಹಾಕತಾರ. ಪೂರಾ ನಿಂತ್ರ, ಸತ್ತತು ಅಂತ ತಿಳದು ಇನ್ನೊಂದು ಆಟ ತಗೀತಾರ. ಅದಕ್ಕ ನಾ ಕೆಳಗ ಒಂದು ತೆಳ್ಳನ ಪದರು ಹಾಕಾಕ ಕಲತೆ. ಅತ್ತಿ ಕೈ ಬಿಟ್ರ ಮ್ಯಾಲಿನ ವಾದ್ಯ ಎಲ್ಲಾ ಒಂದೊಂದಾಗಿ ಎದ್ದು ಹೋಗತಾವ, ಶ್ರುತಿಯಷ್ಟ ಸಣ್ಣಗ ನಡೀತಿರತೈತಿ. ಅವರು ಕೈ ಒರಸ್ಕೊಂಡು ಬಂದು ಮುಟ್ಟಿದ್ರ ವಾದ್ಯ ತಿರುಗಿ ಒಂದೊಂದಾಗಿ ಬಂದು ಕೂಡತಾವ. ಕಂಪನ್ಯಾಗ ಅದಕ್ಕ ಏನೋ ದೊಡ್ಡ ಹೆಸರೈತಿ. ನನ್ನ ಕಂಪ್ಯೂಟರಿನ್ಯಾಗ ಆ ಫೈಲಿನ ಹೆಸರು ‘ರೊಟ್ಟಿ’.

ಹ್ವಾದ ಸುಗ್ಗಿ ಹೊತ್ತಿಗೆ ಒಂದು ಹೊಸಾ ಆಟ ಬಂತು. ಹರಗೋಲಿನ ಆಟ. ಆಡೋರು ಹೊಳ್ಯಾಗ ಹರಗೋಲು ನಡಸಬೇಕು, ದಂಡಿಗೆ ನಿಂತ ಮಂದೀನ ಹತ್ತಿಸ್ಕೋಬೇಕು, ಸುಳಿ ತಪ್ಪಿಸಿ ಆಚೆ ದಂಡಿಗೆ ಮುಟ್ಟಿಸಬೇಕು. ಹತ್ತಿದ ಒಬ್ಬೊಬ್ಬರೂ ಹಾಡಿಗೆ ಒಂದೊಂದು ವಾದ್ಯ ತರಬೇಕು ಅಂತ ನಾ ಹೇಳಿದೆ. ಮುದುಕಪ್ಪ ಹತ್ತಿದ್ರ ದಮ್ಮಡಿ, ಹುಡುಗಿ ಹತ್ತಿದ್ರ ಗೆಜ್ಜಿ, ಆಡಿನ ಮರಿ ಹಿಡ್ಕೊಂಡಾಕಿ ಹತ್ತಿದ್ರ ಕೊಳಲು. ಇಳದು ಹೋದ್ರ ಅವರ ವಾದ್ಯಾನೂ ಅವರ ಸಂಗಾಟ ಇಳೀಬೇಕು. ಆಟ ಕಟ್ಟಸಾಕತ್ತಿದ್ದ ಪುಣೆದ ಹೆಣ್ಮಗಳು, ಅವರಿಗೆ ನಾ ಮರಾಠಿಯವರಂಗ ಬಾಯಿ ಅಂತೇನಿ, ಇದಕ್ಕ ಭಾಳ ಖುಷಿ ಆದ್ರು. ಒಂದ ಮಾತು ಸೇರಸಿದ್ರು: ಹರಗೋಲು ತುಂಬಿದಾಗ ಮನಷ್ಯಾರ ದನಿ ಬರಬೇಕು, ಅದಿಲ್ದಿದ್ರ ಎಲ್ಲಾ ಬರೇ ಕಟಿಗಿ ಚರ್ಮದ ಸಪ್ಪಳ ಆಕ್ಕೈತಿ.

ನೀರಿನ ಸಪ್ಪಳ ಹಿಡಿಯಾಕ ಗಳಗನಾಥಕ್ಕ ಹೋದ್ವಿ. ವರದಾ ಬಂದು ತುಂಗಭದ್ರಾಕ್ಕ ಕೂಡೂ ಜಾಗಾದಾಗ ನೀರಿನ ದನಿ ಬ್ಯಾರೆನ ಇರತೈತಿ, ಒಂದರ ಮ್ಯಾಲೆ ಒಂದು ಮಾತಾಡಿದಂಗ. ಅತ್ತಿ ಬುತ್ತಿ ಕಟ್ಕೊಂಡು ಸಂಗಾಟ ಬಂದಿದ್ರು. ನಾ ಮೈಕ್ ಹಿಡದು, ಯಾರೂ ಸಪ್ಪಳ ಮಾಡಬ್ಯಾಡ್ರಿ ಅಂದೆ. ನನ್ನ ಗಂಡ ಕೆಮ್ಮಿದ್ರು, ಬೈಸ್ಕೊಂಡ್ರು. ಅತ್ತಿ ಮಾತ್ರ ಕಲ್ಲಿನ ಮ್ಯಾಲೆ ಕುಂತವರು ನಾ ಸಾಕು ಅನ್ನೂತನಕ ಒಂದು ಗುನುಗೂ ಗುನುಗಲಿಲ್ಲ. ನೀರು ಕಂಡ್ರ ಸುಮ್ಮನ ಕುಂದರೂ ಹೆಣ್ಮಗಳಲ್ಲ ಅವರು.

ಯಾಕಂದ್ರ ನಮ್ಮ ಅತ್ತಿ ಅಂದ್ರ ಓಣಿ ಭಜನಿ. ಓಣಿ ಕಡೀಗೆ ಬಸವಣ್ಣನ ಗುಡಿ ಐತಿ, ಸೋಮವಾರ ಸಂಜಿಮುಂದ ಹೆಣ್ಮಕ್ಕಳು ಕೂಡತಾರ. ಮುಂದ ಕುಂತು ಸಾಲು ಹೇಳೋರು ನಮ್ಮ ಅತ್ತಿ. ಅವರ ಬಾಜೂಕ ತಾಳ ಹಿಡಿಯೋರು ಎದುರು ಮನಿ ದೊಡ್ಡವ್ವ, ಅತ್ತಿ ಗೆಳತಿ. ಇಬ್ಬರೂ ಒಂದ ವರ್ಷ ಈ ಓಣಿಗೆ ಸೊಸಿ ಆಗಿ ಬಂದವರು. ಮುಂದ ಒಬ್ಬರು ಸಾಲು ಹೇಳಿದ್ರ ಹಿಂದ ಕುಂತವರು ಅದಕ್ಕ ಹೊಂದಿಸಿ ತಿರುಗಿ ಹೇಳಬೇಕು. ಹಾದ್ಯಾಗ ಹೋಗೋರು ಗುಡಿ ಮುಂದ ಒಂದು ಗಳಿಗಿ ನಿಂತ್ರ ಅವರೂ ಹಿಂದಿನ ಸಾಲು ಹೇಳೇ ಹೋಗತಾರ. ಮುಂದಿನವರ ಸಾಲನ್ನ ಬರೇ ಬಿಡಬಾರದು, ಮನಿಗೆ ಬಂದವರಿಗೆ ನೀರು ಕೊಡದಂಗ ಅದು. ನಮ್ಮ ಅತ್ತಿ ದನಿ ಎಂಥಾದ್ದು ಅಂದ್ರ, ಮೈಕ್ ಕೆಟ್ಟಿದ್ದು ಯಾರಿಗೂ ಗೊತ್ತಾಗತಿದ್ದಿಲ್ಲ.

ಆಮ್ಯಾಲೆ ಅವರ ಕುತ್ತಿಗಿಗೆ ಗಂಟು ಆತು. ಆಪರೇಶನ್ ಮಾಡಿ ತಗದ್ರು, ಕೆಟ್ಟ ಗಂಟಲ್ಲ ಅಂತ ಡಾಕ್ಟರು ಹೇಳಿದ್ರು, ಮನಿಯವರೆಲ್ಲಾ ಪೇಢಾ ಹಂಚಿದ್ವಿ. ಖರೇ ದನಿ ಹೋತು. ಮಾತಿಗೇನೂ ಕಡಿಮಿ ಇಲ್ಲ, ಬೈಯ್ಯಾಕಂತೂ ಸಾಕಾಗಿ ಉಳೀತೈತಿ. ಮ್ಯಾಲಿನ ಸ್ವರ ಹತ್ತವಲ್ದು, ಒಡೀತೈತಿ. ಉಳದದ್ದು ದಪ್ಪಾಗಿ, ಕೆಳಗಾಗಿ, ಗಂಡಸರ ದನಿ ಹಂಗ. ಡಾಕ್ಟರು ವಿಶ್ರಾಂತಿ ತಗೋರಿ ಅಂತ ಹೇಳಿದ ದಿನಾ ಮುಗಿದ ಮ್ಯಾಲೆ ಒಂದ ಸೋಮವಾರ ಗುಡಿಗೆ ಹೋಗಿ ಬಂದ್ರು. ಮುಂದ ಹೋಗಲಿಲ್ಲ. ಮೊಣಕಾಲು ನೂಯ್ತದ ಅಂದ್ರು. ಮೊಣಕಾಲು ನೋಯೋರು ಕಾಗಿನೆಲಿ ಬಸ್ಸಿಗೆ ಓಡಿ ಹತ್ತತಾರೇನು? ಕರೆಯಾಕ ಬಂದ ಹೆಣ್ಮಕ್ಕಳಿಗೆ ಇವತ್ತ ಒಲ್ಲೆ, ಇವತ್ತ ಒಲ್ಲೆ ಅನ್ಕೋತ ಹೋದ್ರು. ಕಡೀಕ ಅವರೂ ಬರೂದು ಬಿಟ್ರು. ದೊಡ್ಡವ್ವ ಮುಂದ ಕುಂದರಾಕ ಶುರು ಮಾಡಿದ್ರು. ಸೋಮವಾರ ಸಂಜೀಕ ಗುಡಿ ಮೈಕ್ ಚಾಲೂ ಆದ ಕೂಡಲೇ ನಮ್ಮ ಅಡಗಿ ಮನ್ಯಾಗ ಮಿಕ್ಸರ್ ಚಾಲೂ ಆಗತಿತ್ತು. ಚಟ್ನಿ ಬೇಕಿರಲಿ ಬ್ಯಾಡಿರಲಿ, ಶೇಂಗಾ ಪುಡಿ ಆಗತಿತ್ತು. ನಾವು ಮನ್ಯಾಗ ಯಾರೂ ಅದರ ಬಗ್ಗೆ ಮಾತಾಡತಿದ್ದಿಲ್ಲ, ಸುಮ್ಮನ ಶೇಂಗಾ ಪುಡಿ ತಿಂತಿದ್ವಿ.

ಈಗ ನನ್ನ ಹರಗೋಲಿಗೆ ದನಿ ಬೇಕು. ಅತ್ತೀನ್ನ ಕೇಳೂ ಧೈರ್ಯ ಇಲ್ಲ. ರಾಣೆಬೆನ್ನೂರಿನ್ಯಾಗ ಕಾಲೇಜು ಓದೂ ಒಬ್ಬಾಕಿ ಹುಡುಗಿ ಛಂದ ಹಾಡತಾಳ ಅಂತ ಕೇಳಿ ಕರಸಿದೆ. ಹೊಸಾ ಡ್ರೆಸ್ ಹಾಕ್ಕೊಂಡು, ಕೊಳ್ಳಾಗ ಮಫ್ಲರ್ ಸುತ್ಕೊಂಡು, ದನಿ ಕೆಡಬಾರದಂತ ಬಿಸಿನೀರು ತಗೊಂಡು ಬಂದಿದ್ಲು ಪಾಪ. ಗೋದಾಮಿನ್ಯಾಗ ಕಾಲಿಟ್ಟು, ಒಂದು ಉಸಿರು ತುಂಬ ಎಳಕೊಂಡು, ಹಾಡಾಕ ಬಾಯಿ ತಗದ್ಲು. ಹಾಡು ಬರಲಿಲ್ಲ, ಸೀನು ಬಂತು. ಅದರ ಹಿಂದ ಇನ್ನೊಂದು. ಕಣ್ಣು ಮೂಗು ಸುರದು ಮಾರಿ ಕೆಂಪಾತು. ನಮ್ಮ ಮನ್ಯಾಗ ಎಲ್ಲಾರಿಗೂ ಆ ಘಾಟು ರೂಢಿ, ಹೊರಗಿನವರಿಗೆ ಹತ್ತತೈತಿ ಅನ್ನೂ ವಿಚಾರ ನನ್ನ ಶ್ಯಾಣ್ಯಾ ತಲಿಗೆ ಹೊಳದಿದ್ದಿಲ್ಲ. ಅತ್ತಿ ಮಜ್ಜಗಿ ಕೊಟ್ಟು ಸಮಾಧಾನ ಮಾಡಿದ್ರು, ನನಗ ಒಂದು ಮಾರಿ ಮಾಡಿ ನೋಡಿದ್ರು. ಕಡೀಕ ನಡುಮನ್ಯಾಗ ಕುಂದರಿಸಿ ಹಾಡಿಸಿದೆ. ಛಂದನ ಹಾಡಿದ್ಲು, ತಪ್ಪು ತಗಿಯಾಕ ಬರಂಗಿದ್ದಿಲ್ಲ. ಪುಣೆದ ಬಾಯಿ ಕೇಳಿ, ಇದು ಸ್ಟೇಜಿನ ಮ್ಯಾಲಿನ ಹಾಡು, ಹರಗೋಲಿನ್ಯಾಗಿನದಲ್ಲ ಅಂದ್ರು. ನನಗ ಸಿಟ್ಟು ಬಂತು, ಅವರಂದದ್ದು ಖರೇ ಇತ್ತಲ್ಲ, ಅದಕ್ಕ.

ದನಿ ಸಿಗೂತನಕ ಜಾಗಾ ಹಿಡಿಯಾಕ ಇರಲಿ ಅಂತ ನಾನ ಒಂದು ಸಾಲು ಬರದು, ನನ್ನ ಒಡಕು ದನಿಲೆ ಹಾಡಿ ಹಾಕಿದೆ. ಹರಗೋಲು ತುಂಬಿದಾಗ ಮುಂದಿನ ಸಾಲು ಬರತೈತಿ: ದಂಡಿ ಇನ್ನ ಎಷ್ಟ ದೂರ ಐತೆವ್ವಾ? ಹಿಂದಿನವರು ಹೇಳಬೇಕು: ಇಲ್ಲೇ ಐತಿ, ಬಾ. ಆ ಹಿಂದಿನ ಸಾಲಿಗೆ ದನಿ ಇರಲಿಲ್ಲ, ಜಾಗಾ ಖಾಲಿ ಬಿಟ್ಟೆ. ಹಿಂದಿನ ಸಾಲು ಮುಗಿದ ಮ್ಯಾಲೆ ಮುಂದಕ್ಕ ಹೋಗು ಅಂತ ಆಟಕ್ಕ ಹೇಳಿದ್ದೆ. ಆ ಸಾಲು ಬರದಿದ್ರ ಏನ್ ಮಾಡಬೇಕು ಅನ್ನೂದನ್ನ ಹೇಳಿದ್ದಿಲ್ಲ. ಬ್ಯಾರೆ ಊರಿನ ಯಾರೇ ಆಗಿದ್ರೂ ಅದನ್ನ ಮೊದಲು ಹೇಳತಿದ್ರು. ನಾ ಭಜನಿ ಕೇಳಿ ಬೆಳೆದಾಕಿ. ಮುಂದಿನವರು ಅಂದ ಮ್ಯಾಲೆ ಹಿಂದಿನವರು ಸುಮ್ಮನಿರತಾರ ಅನ್ನೂದು ನನ್ನ ತಲ್ಯಾಗ ಬರಲೇ ಇಲ್ಲ.

ಹಂಗ ಅತ್ತಿ ಫೋನಿಗೆ ಆಟ ಹಾಕಿ ಕೊಟ್ಟು ನಾ ಗೋದಾಮಿಗೆ ಹೋದೆ. ಮಧ್ಯಾಹ್ನದ ರೊಟ್ಟಿ ಹೊತ್ತು. ಸ್ವಲ್ಪ ಹೊತ್ತಿಗೆ ನೀರು ಕುಡಿಯಾಕ ಅಂತ ಬಂದ್ರ, ಅಡಗಿ ಮನ್ಯಾಗಿಂದ ನನ್ನ ದನಿ ಕೇಳಸಾಕತ್ತಿತ್ತು. ಹರಗೋಲು ತುಂಬಿತ್ತು. ದಂಡಿ ಇನ್ನ ಎಷ್ಟ ದೂರ ಐತೆವ್ವಾ ಅಂತ ಫೋನು ಕೇಳೂದು, ಉತ್ತರಕ್ಕ ಕಾಯೂದು, ಬರೇ ನೀರಿನ ಸಪ್ಪಳ. ಬರಲಿಲ್ಲಂತ ತಿರುಗಿ ಕೇಳೂದು. ಅತ್ತಿ ಕೈ ತುಂಬ ಹಿಟ್ಟು, ಹಂಚಿನ ಮ್ಯಾಲೆ ರೊಟ್ಟಿ, ಫೋನ್ ಮುಟ್ಟೂಹಂಗಿಲ್ಲ. ಒಂದೆರಡು ಸಲ ಫೋನಿನ ಕಡೆ ಹುಬ್ಬು ಗಂಟು ಹಾಕಿ ನೋಡಿದ್ರು. ಏನ್ ಹಟಾ ಹಿಡದತಿದು ಅಂದ್ರು. ಫೋನು ಮತ್ತ ಕೇಳ್ತು.

ಅತ್ತಿ ರೊಟ್ಟಿ ತಿರುವಿದ್ರು. ಹಂಚಿನ ಕಡೇನ ನೋಡ್ಕೋತ, ಯಾರಿಗೂ ಅಲ್ಲದಂಗ, ಹೇಳಿದ್ರು: ಇಲ್ಲೇ ಐತಿ, ಬಾ.

ನಾ ಹೇಳಿಕೊಡದಿದ್ದ ರಾಗ. ಸಾಲು ಏನಂತ ಹಿಂದಿನ ದಿನ ನಾ ಬರಿಯೂ ಹೊತ್ತಿಗೆ ನನ್ನ ಬಾಯಾಗ ಕೇಳಿದ್ರು, ಅಷ್ಟ. ನಾ ಮ್ಯಾಲೆ ಎಲ್ಲೋ ಕಟ್ಟಿಟ್ಟಿದ್ದ ಆ ಸಾಲನ್ನ ಅವರು ಕೆಳಗ, ನೆಲಕ್ಕ ಹತ್ತಿ ಹೇಳಿದ್ರು. ದಪ್ಪನ ದನಿ, ನಡುವ ಒಂದ ಕಡೆ ಒಡೀತು, ಅವರು ಅದನ್ನ ಹಂಗ ಹಾದು ಹೋದ್ರು. ಫೋನು ತಿರುಗಿ ಕೇಳ್ತು, ಅವರು ತಿರುಗಿ ಹೇಳಿದ್ರು. ನಾ ಬಾಗಲದಾಗ ನಿಂತು ಅಳಾಕತ್ತೆ. ರೆಕಾರ್ಡ್ ಮಾಡ್ಕೋಬೇಕಿತ್ತು, ಅದು ನನ್ನ ಹೊಟ್ಟಿಪಾಡಿನ ಕೆಲಸ, ಆದ್ರ ಕೈನ ಏಳಲಿಲ್ಲ. ಅತ್ತಿ ಹೊಳ್ಳಿ ನೋಡಿ ನನ್ನ ಕಂಡ್ರು. ಸಿಕ್ಕಿಬಿದ್ದವರ ಹಂಗ ಮಾರಿ ಸಣ್ಣದಾತು, ಆಮ್ಯಾಲೆ ಸಿಟ್ಟು ತಂದ್ಕೊಂಡ್ರು. ನಿನ್ನ ಹಾಡು ಸಿಕ್ಕೊಂಡೈತಿ, ಸರಿ ಮಾಡು, ರೊಟ್ಟಿ ಹೊತ್ತತಾವ ಅಂದ್ರು.

ಊಟ ಆದ ಮ್ಯಾಲೆ ನಾ ಕೇಳೇ ಬಿಟ್ಟೆ. ಈ ದನಿನ ನನಗ ಬೇಕು, ಗೋದಾಮಿಗೆ ಬಂದು ಹೇಳ್ರಿ ಅಂದೆ. ಅವರು ಅಡಕಿ ಕತ್ತರಸಾಕ ಕುಂತ್ರು. ಆಮ್ಯಾಲೆ ಆ ಸೋಮವಾರದ ಮಾತು ತಗದ್ರು, ಆಪರೇಶನ್ ಆದ ಮ್ಯಾಲೆ ಹ್ವಾದ ಒಂದ ಸೋಮವಾರದ್ದು. ಎಂದಿನಂಗ ಮುಂದ ಕುಂತು ಸಾಲು ಎತ್ತಿದ್ರಂತ. ನಡುವ ದನಿ ಒಡೀತಂತ. ಹಿಂದ ಕುಂತವರೆಲ್ಲಾ, ದೊಡ್ಡವ್ವನೂ ಕೂಡಿ, ಅವರ ಮ್ಯಾಲಿನ ಪ್ರೀತಿಗೇನ ಇರಬೇಕು, ಆ ಸಾಲನ್ನ ಲಗೂನ ತಾವ ಎತ್ಕೊಂಡು ಹೇಳಿ ಮುಗಿಸಿದ್ರಂತ. ಮುಂದಿನ ಸಾಲಿಗೂ ಅದ, ಅದರ ಮುಂದಿನದಕ್ಕೂ ಅದ.

"ನನ್ನ ಸಾಲು ಅವರು ಹೇಳಿದ್ರು," ಅಂದ್ರು ಅತ್ತಿ. "ಒಂದು ಗಳಿಗಿ ಕಾದಿದ್ರ ನಾನ ಹೇಳತಿದ್ದೆ. ಒಡಕನ ಹೇಳತಿದ್ದೆ. ಯಾರೂ ಕಾಯಲಿಲ್ಲ."

ಇಷ್ಟ ದಿನಾ ಅವರಿಗೆ ನಾಚಿಕಿ ಅಂತ ತಿಳ್ಕೊಂಡಿದ್ದೆ, ಅದು ನೋವು ಇತ್ತು. ಅತ್ತಿ ಬಾಯಾಗ ಅಡಕಿ ಹಾಕ್ಕೊಂಡು, ದನಿ ಬದಲಿಸಿ, ಹಿಂದಿನ ಸಾಲು ಒಬ್ಬಾಕಿ ಹೇಳೂದಲ್ಲ, ನಿನಗ ಅಷ್ಟೂ ಗೊತ್ತಿಲ್ಲೇನು, ಗುಂಪು ಬೇಕು ಅದಕ್ಕ ಅಂದ್ರು. ಹಂಗಾರ ಗುಂಪು ಕರೀರಿ ಅಂದೆ. ನೀ ಕರಿ ಅಂದ್ರು. ನಾ ಕರದ್ರ ಯಾರ ಬರತಾರ್ರಿ, ಹಾಡು ಮುಗೀತೇನು ಅಂತ ಕೇಳೋ ಮಂದಿ ಅಂದೆ. ಅವರಿಗೆ ನಗು ಬಂತು, ನಕ್ಕಿದ್ದು ತೋರಿಸ್ಕೊಳ್ಳಲಿಲ್ಲ.

ಆಮ್ಯಾಲೆ ದಿನಾ ಹ್ವಾದ್ವು. ಪುಣೆದ ಬಾಯಿ ದನಿ ಎಲ್ಲಿ, ದನಿ ಎಲ್ಲಿ ಅಂತ ಕೇಳಾಕತ್ತಿದ್ರು. ನಾ ಒಂದಲ್ಲ ಒಂದು ನೆವ ಹೇಳಿ ತಳ್ಳಿದೆ. ನನಗ ಆಟದ ಚಿಂತಿ ಕಡಿಮಿ ಆಗಿತ್ತು. ಅತ್ತಿ ದಿನಾ ಮುಂಜಾನೆ ಬಾಗಲಾ ಸಾರಸೂ ಹೊತ್ತಿಗೆ ಎದುರು ಮನಿ ಕಡೆ ನೋಡೂದು, ದೊಡ್ಡವ್ವ ಹೊರಗ ಬಂದ್ರ ಒಳಗ ಬರೂದು. ನೋಡಿ ನೋಡಿ ನನಗ ಸಾಕಾಗಿ, ಒಂದಿನ ಉಪ್ಪು ಬೇಕು ಅಂತ ದೊಡ್ಡವ್ವನ ಮನಿಗೆ ನಾನ ಹೋದೆ. ಮನಿ ತುಂಬ ಉಪ್ಪಿತ್ತು ಬಿಡ್ರಿ. ಅಲ್ಲಿ ಗೊತ್ತಾತು ನೋಡ್ರಿ ಇನ್ನೊಂದು ಕತಿ. ದೊಡ್ಡವ್ವ ಕಣ್ಣೀರು ತಗದು, ನಿಮ್ಮ ಅತ್ತಿಗೆ ನನ್ನ ಮ್ಯಾಲೆ ಸಿಟ್ಟೈತಿ, ಆಕಿ ಜಾಗಾದಾಗ ನಾ ಕುಂತೆ ಅಂತ. ಎಲ್ಲಾರೂ ನನ್ನ ಎಳದು ಕುಂದರಿಸಿದ್ರು, ಬ್ಯಾಡ ಅನ್ನಾಕ ಆಗಲಿಲ್ಲ. ಪ್ರತಿ ಸೋಮವಾರ ಮುಂದ ಕುಂದರೂ ಮುಂಚೆ ಆಕಿ ಬರತಾಳೇನೋ ಅಂತ ಬಾಗಲ ನೋಡತೇನಿ ಅಂದ್ರು. ಎರಡು ಮನಿ ನಡುವ ಒಂದು ಚಕ್ಕಡಿ ಹೋಗೂವಷ್ಟು ಹಾದಿ. ಅಷ್ಟು ಹಾದಿ ದಾಟಾಕ ಇಬ್ಬರಿಗೂ ಆಗಿದ್ದಿಲ್ಲ.

ನಾ ಮನಿಗೆ ಬಂದು ಅತ್ತೀಗೆ ಇದ್ದದ್ದು ಇದ್ದಂಗ ಹೇಳಿದೆ. ಬೈತಾರಂತ ತಿಳ್ಕೊಂಡಿದ್ದೆ, ಬೈಲಿಲ್ಲ. ಹುಚ್ಚಿ ಆಕಿ ಅಂದ್ರು, ಸೆರಗು ಸರಿ ಮಾಡ್ಕೊಂಡು ಎದ್ದು ಹೋದ್ರು. ಏನ್ ಮಾತಾಡ್ಕೊಂಡ್ರೋ ನನಗ ಗೊತ್ತಿಲ್ಲ. ಇಬ್ಬರೂ ಭಾಳ ಹೊತ್ತು ಕಟ್ಟಿ ಮ್ಯಾಲೆ ಕುಂತಿದ್ರು, ಶೇಂಗಾ ಸುಲಕೋತ. ತಿರುಗಿ ಬಂದು, ನಾಳೆ ಮಧ್ಯಾಹ್ನ ಎಲ್ಲಾರೂ ಬರತಾರ, ಚಹಾಕ್ಕ ಹಾಲು ತರಸು ಅಂದ್ರು.

ಬಂದ್ರು, ಭಜನಿ ಹೆಣ್ಮಕ್ಕಳೆಲ್ಲಾ ಬಂದ್ರು. ಗೋದಾಮಿನ್ಯಾಗ ಆವತ್ತ ಚೀಲ ಛಾವಣಿ ತನಕ ಇದ್ವು, ಘಾಟು ಕಣ್ಣಿಗೆ ಕಾಣೂಹಂಗಿತ್ತು. ಬ್ಯಾಡಗಿ ಹೆಣ್ಮಕ್ಕಳು, ಒಬ್ಬರೂ ಸೀನಲಿಲ್ಲ. ಮೈಕ್ ನಡುವ ನಿಂದರಿಸಿ ಸುತ್ತಲೂ ಚಾಪಿ ಹಾಸಿದೆ. ಯಾರು ಮುಂದ ಕುಂದರಬೇಕು ಅಂತ ಒಬ್ಬರ ಮಾರಿ ಒಬ್ಬರು ನೋಡಿದ್ರು. ಮುಂದ ಯಾರೂ ಇಲ್ರಿ, ಮುಂದಿನ ಸಾಲು ಹರಗೋಲು ನಡಸೋರದು, ಅದು ಆಟದಾಗಿಂದ ಬರತೈತಿ, ನೀವೆಲ್ಲಾ ಹಿಂದಿನವರು ಅಂದೆ. ಎಲ್ಲಾರೂ ದುಂಡಗ ಕುಂತ್ರು, ಅತ್ತಿ ದೊಡ್ಡವ್ವನ ಮೊಣಕಾಲಿಗೆ ಮೊಣಕಾಲು ಹಚ್ಚಿ. ಸ್ಪೀಕರಿನ್ಯಾಗ ನನ್ನ ಒಡಕು ದನಿ ಕೇಳ್ತು, ಎಲ್ಲಾರೂ ನಕ್ಕು ನಕ್ಕು ಮೊದಲ ಸಲದ್ದು ಕೆಟ್ಟು ಹೋತು. ಎರಡನೇದಕ್ಕ ಹೇಳಿದ್ರು. ಎಲ್ಲಾರ ದನಿ ಕೆಳಗ ಅತ್ತಿ ದನಿ ಇತ್ತು. ಅದನ್ನ ಬ್ಯಾರೆ ಮಾಡಿ ಕೇಳಾಕ ಆಗತಿದ್ದಿಲ್ಲ, ಅದಿಲ್ದ ಉಳದದ್ದು ನಿಲ್ಲತಿದ್ದಿಲ್ಲ.

ಪುಣೆದ ಬಾಯಿಗೆ ಕಳಿಸಿದೆ. ಅವರಿಗೆ ಸೇರ್ತು. ಆದ್ರ ಕೆಲವೊಂದು ದನಿ ಒಂದೀಟು ತಡಾ ಬರತಾವ, ಒಂದು ದನಿ ಒಡೀತೈತಿ, ಕಂಪ್ಯೂಟರಿನ್ಯಾಗ ಸರಿ ಮಾಡಿಬಿಡು ಅಂದ್ರು. ನಾ ಮಾಡೂದಿಲ್ಲ ಅಂದೆ. ಯಾಕ ಅಂತ ಕೇಳಿದ್ರು. ಹರಗೋಲಿನ್ಯಾಗ ಇರೋರು ಎಲ್ಲಾರೂ ಒಂದ ಸಲ ಬಾಯಿ ತಗೀತಾರೇನ್ರಿ, ಒಬ್ಬರು ದಂಡಿ ಮೊದಲು ನೋಡತಾರ, ಒಬ್ಬರು ಆಮ್ಯಾಲೆ ನೋಡತಾರ ಅಂತ ಸ್ವಲ್ಪ ಜೋರಾಗೇನ ಹೇಳಿದೆ. ಅವರು ಇನ್ನೊಮ್ಮೆ ಕೇಳಿ, ಇರಲಿ ಹಂಗ ಅಂದ್ರು. ಆಟ ಈಗ ಮಂದಿ ಫೋನಿನ್ಯಾಗ ಐತಿ. ಯಾವ್ಯಾವ ಊರಿನವರು ಆಡತಾರೋ ಏನೋ, ಹರಗೋಲು ತುಂಬಿದ್ರ ಬ್ಯಾಡಗಿ ಹೆಣ್ಮಕ್ಕಳು ಇಲ್ಲೇ ಐತಿ ಬಾ ಅಂತ ಕರೀತಾರ. ಅದನ್ನ ನೆನಸ್ಕೊಂಡಾಗೆಲ್ಲಾ ನನಗ ಹೊಟ್ಟಿ ತುಂಬಿದಂಗ ಆಗತೈತಿ.

ಗೋದಾಮಿನ್ಯಾಗ ಹಾಡಿದ್ದಕ್ಕ ಮುಂದಿನ ಸೋಮವಾರ ಸಂಜೀಕ ಅತ್ತಿ ಒಳ್ಳೆ ಸೀರಿ ಉಟ್ಕೊಂಡು ಹೊರಗ ಬಂದ್ರು. ಗುಡಿಗೆ ಹೋಗಿ ಬರತೇನಿ ಅಂದ್ರು, ಪ್ಯಾಟಿಗೆ ಹೊಂಟವರು ಹೇಳೂಹಂಗ. ಹೋಗಿ ಬರ್ರಿ ಅಂದೆ ನಾನು, ಏನೂ ಆಗದಂಗ. ಅವರು ಓಣಿ ತಿರುಗಿದ ಮ್ಯಾಲೆ ನನಗ ತಡಕೊಳ್ಳಾಕ ಆಗಲಿಲ್ಲ, ಹಿಂದಿಂದ ನಾನೂ ಹೋದೆ.

ದೊಡ್ಡವ್ವ ಮೈಕ್ ಮುಂದ ಕುಂತಿದ್ರು. ಅತ್ತೀನ್ನ ಬಾಗಲದಾಗ ಕಂಡ್ರು, ಹಾಡು ಅಲ್ಲೇ ಬಿಟ್ರು, ಎದ್ದು ನಿಂತ್ರು. ತಾಳ ಮುಂದ ಚಾಚಿ, ಬಾ, ಇದು ನಿನ್ನ ಜಾಗಾ ಅಂದ್ರು. ಅತ್ತಿ ಆ ಜಾಗಾನ ನೋಡ್ಕೋತ ನಿಂತ್ರು. ಅವರಿಗೆ ಅದು ಬೇಕಿತ್ತು, ನನಗ ಅವರ ಮಾರಿ ಮ್ಯಾಲೆ ಕಾಣಸ್ತಿತ್ತು. ಆಮ್ಯಾಲೆ ಅವರು ಮಂದಿ ನಡುವ ಹಾದಿ ಮಾಡ್ಕೊಂಡು, ಹಿಂದ ಕಂಬದ ಬಾಜೂಕ ಹೋಗಿ ಕುಂತ್ರು.

"ನೀ ಹೇಳು," ಅಂದ್ರು ದೊಡ್ಡವ್ವಗ. "ನಾ ಇದ್ದೇನಿ ಹಿಂದ."

ದೊಡ್ಡವ್ವ ಕುಂತ್ರು. ಸಾಲು ಎತ್ತಿದ್ರು. ಅರ್ಧಕ್ಕ ಬರೂದರಾಗ ಅಳು ಬಂತು, ದನಿ ನಿಂತತು. ಹಿಂದ ಕುಂತವರು ಲಗೂನ ಆ ಸಾಲು ಎತ್ಕೊಳ್ಳಾಕ ಬಾಯಿ ತಗದ್ರು. ಅತ್ತಿ ಕೈ ಮ್ಯಾಲೆತ್ತಿ ಎಲ್ಲಾರನ್ನೂ ತಡದ್ರು. ತಾಳ ನಿಂತತು. ದೊಡ್ಡವ್ವ ಸೆರಗಿಲೆ ಮಾರಿ ಒರಸ್ಕೊಂಡು, ನುಂಗಿಕೊಂಡು, ಉಳದ ಅರ್ಧಾನ ಒಡಕು ದನಿಲೇನ ಹೇಳಿ ಮುಗಿಸಿದ್ರು. ಅಲ್ಲಿತನಕ ಅತ್ತಿ ಕಾದ್ರು. ಆಮ್ಯಾಲೆ ಕೈ ಇಳಿಸಿ, ಹಿಂದಿನ ಸಾಲು ಹೇಳಿದ್ರು.